ಬಾವಿಯ ಮೇಲಿನ ಸ್ಕೂಟರು

ಎಪ್ಪತ್ತೆರಡರ ಬೇಸಿಗೆ. ನಾಸಿಕದ ಹಳೇ ಪೇಟೆಯ ಬೀದಿ ನಳದ ಮುಂದೆ ಗುಣವತಿ ಕೊಡ ಹಿಡಿದು ನಿಂತಿದ್ದಳು. ಮುಂದೆ ನಿಂತಿದ್ದ ಬೀದರದ ಹೆಂಗಸರಿಬ್ಬರು ಓಣಿಗೆಲ್ಲ ಕೇಳುವಂತೆ ಮಾತಿಗಿಳಿದಿದ್ದರು.

“ಮಗಳ ಗಂಗಿಪೂಜಿ ಆಯ್ತೇನ್ರಿ, ಕಸ್ತೂರಿಬಾಯಿ?”

“ಬಾಣಂತಿ ಪೂಜಿ ಮಾಡ್ಲಿಕ್ಕ ಬಾವಿ ಎಲ್ಲದರಿ? ವಾಡೆ ಮನಿ ಕೊಂಡ ಹೊಸ ಮಾಲಕ ಅಂಗಳದಾಗಿನ ಬಾವಿ ಮ್ಯಾಲ ಚಪ್ಪಡಿ ಎಳ್ದು ಸ್ಕೂಟರ್ ನಿಲ್ಸ್ಯಾನ!”

“ಮತ್ತೇನ್ ಮಾಡಿದ್ರಿ? ಈ ಶಾಂತಾಬಾಯಿ ಇದ್ದೀನಲ್ಲ, ನನ್ನರ ಕರೀಬೇಕಿಲ್ಲ?”

“ಚಪ್ಪಡಿಗೇ ಅರಿಷಿಣ-ಕುಂಕುಮ ಹಚ್ಚಿ ಕಾಯಿ ಒಡಿಸ್ದೆ. ಆ ಪುಣ್ಯಾತ್ಮ ಹೊರಗ ಬಂದು, ತನ್ನ ಸ್ಕೂಟರಿಗೇ ಪೂಜಿ ಆಯ್ತಂತ ತಿಳ್ಕೊಂಡು, ಕೈ ಮುಗ್ದು ಅರ್ಧಾ ಕಾಯಿ ತಗೊಂಡು ಹ್ವಾದ!”

“ಅಯ್ಯ ಶಿವನೆ!”

“ಇಡೀ ಓಣಿ ಬಾಣಂತೇರು ಪೂಜಿ ಮಾಡಿದ ಬಾವಿ ಅದು. ಗಂಗವ್ವನ ಬಾಯಿ ಮುಚ್ಚಿ, ನಮ್ಮನ್ನ ಇಲ್ಲಿ ಪಾಳಿ ನಿಲ್ಸ್ಯಾನ. ನಾಳಿ ಅವನ ಸೊಸೀನೂ ಹಡೀತಾಳ. ಅವಾಗ ಎಲ್ಲಿ ಪೂಜಿ ಮಾಡಸ್ತಾನ, ಪೆಟ್ರೋಲ್ ಟಾಕಿಗೇನು?”

ಗುಣವತಿ ಸೆರಗನ್ನು ಮುಂದಕ್ಕೆಳೆದುಕೊಂಡಳು.

ಇಬ್ಬರ ಕೊಡಗಳೂ ತುಂಬಿದವು. ಕಸ್ತೂರಿಬಾಯಿ ತನ್ನದನ್ನು ಸೊಂಟಕ್ಕೇರಿಸಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಹಿಂದೆ ತಿರುಗಿದಳು.

“ನಿಮ್ಮ ಸೊಸಿಗೆ ಈಗ ಎಷ್ಟು ತಿಂಗಳರಿ, ಗುಣವತಿಬಾಯಿ?”

ಉತ್ತರಕ್ಕೆ ಕಾಯದೆ ಇಬ್ಬರೂ ಹೊರಟುಹೋದರು.