ಸತ್ತವಳ ಹಣೆಯ ಹತ್ತು ರೂಪಾಯಿ

ಹೊಳಲ್ಕೆರೆಯಿಂದ ಹೊರಟ ಖಾಸಗಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಹೆಂಗಸರು ಬಂದು ಕೂತರು. ಕಿಟಕಿ ಬದಿಯ ಮಂಗಳಾಳ ಅತ್ತೆ ತೀರಿಕೊಂಡು ಐದು ದಿನವಾಗಿತ್ತಂತೆ. ಪಕ್ಕದವರು ನೆರೆಮನೆಯ ಶಾಂತಕ್ಕ.

“ಸತ್ತೋರ ಹಣೆಗೆ ಎಲ್ರೂ ಒಂದ್ರೂಪಾಯಿ ಅಂಟಿಸ್ತಾರೆ. ನೀನು ಹತ್ರೂಪಾಯಿ ಕಾಯಿನ್ನೇ ಇಟ್ಯಲ್ಲೇ ಮಂಗಳಾ!”

“ಅದು ಎಲ್ಲೂ ನಡೆಯಲ್ಲ ಕಣಕ್ಕ. ಅದಕ್ಕೇ ಇಟ್ಟೆ.”

“ನಡೀತೈತಂತೆ. ರಿಸರ್ವ್ ಬ್ಯಾಂಕ್‌ನೋರೇ ಹೇಳ್ಯಾರಂತೆ.”

“ಹಂಗಾದ್ರೆ ಅವ್ರೇ ಬಂದು ನಮ್ಮೂರ ಅಂಗ್ಡೀಲಿ ಕುಂತ್ಕಳ್ಳಿ. ಅತ್ತೆ ಒಂದು ಡಬ್ಬಿ ತುಂಬ ಆ ಕಾಯಿನ್ನೇ ಕೂಡಿಟ್ಟಿದ್ಲು. ಬಿಪಿ ಮಾತ್ರೆ ತಗಂಡ್ ಬಾ ಅಂತ ಕೊಟ್ಲು. ಮೆಡಿಕಲ್‌ನೋನು ಮುಟ್ಲೇ ಇಲ್ಲ.”

“ಆಮೇಲೆ?”

“ಡಬ್ಬಿ ವಾಪಸ್ ತಂದು ಅವಳ ತಲೆ ಹತ್ರ ಇಟ್ಟೆ.”

“ನಿನ್ ಹತ್ರ ನೋಟಿರ್ಲಿಲ್ವೇನೇ?”

“ಇತ್ತು. ಅದು ನಂದು.”

ಶಾಂತಕ್ಕ ಸೆರಗು ಸರಿಮಾಡಿಕೊಂಡರು. ನನ್ನ ಜೇಬಿನಲ್ಲೂ ಅಂಥ ನಾಲ್ಕು ನಾಣ್ಯಗಳಿದ್ದವು.

ಕಂಡಕ್ಟರ್ ಬಂದ. ಮಂಗಳಾ ನೂರರ ನೋಟು ಕೊಟ್ಟಳು. ಅವನು ಇಬ್ಬರ ಟಿಕೆಟ್ ಕೊಟ್ಟು, ಚಿಲ್ಲರೆ ಅಂತ ಹತ್ತರ ಎರಡು ನಾಣ್ಯ ಅವಳ ಅಂಗೈಗೆ ಹಾಕಿದ.

“ಇವು ನಡಿಯಲ್ಲ ಕಣಪ್ಪ.”

“ಯಾರಮ್ಮ ಹೇಳಿದ್ದು? ನಾವು ದಿನಾ ತಗಂತೀವಿ. ಬ್ಯಾಂಕಿಗೂ ಕಟ್ತೀವಿ.”

ಮಂಗಳಾ ನಾಣ್ಯಗಳನ್ನು ತಿರುಗಿಸಿ ತಿರುಗಿಸಿ ನೋಡಿ ಪರ್ಸಿಗೆ ಹಾಕಿಕೊಂಡಳು. ಅವರ ಊರು ಬಂತು. ಇಳಿಯಲು ಏಳುತ್ತ ಹೇಳಿದಳು:

“ಹಂಗಾದ್ರೆ ಮಾವ ಸತ್ತಾಗ ಒಂದ್ರೂಪಾಯಿನೇ ಸಾಕು ಬಿಡಕ್ಕ.”