ಶರಣಮ್ಮನ ಕಂಪ್ಯೂಟರ್ ಅಳಿಸಿದ ರಾತ್ರಿ

ಪುಣೆಯ ಯೆರವಡಾದಲ್ಲಿ ನಮ್ಮ ಓಣಿಯ ಅಂಬಾದಾಸನಿಗೆ ಹೋದ ಬೇಸಿಗೆಯಲ್ಲಿ ಆದದ್ದು ಇದು. ಅವನ ಬಾಯಿಂದಲೇ ಕೇಳಿದ್ದು. ಹೇಳುವಾಗ ಎರಡು ಸಲ ಎದ್ದು ಹೋಗಿ ಬಾಗಿಲು ನೋಡಿ ಬಂದ…

ಅಂಬಾದಾಸನಿಗೆ ಹಡಪಸರದ ಒಂದು ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ರಾತ್ರಿ ಹನ್ನೆರಡೂಕಾಲಕ್ಕೆ ಕಂಪನಿ ಬಸ್ಸು ಅವನನ್ನು ದೊಡ್ಡ ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಮನೆಗೆ ಹತ್ತು ನಿಮಿಷ ನಡೆಯಬೇಕು. ದಾರಿಯಲ್ಲಿ ಒಂದು ಆಲದ ಮರ, ಮರದ ಬುಡದಲ್ಲಿ ಹಳೇ ಬಾವಿ. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಬಡಿದು ಹತ್ತು ವರ್ಷವಾಯಿತು. ಹಗಲು ಹೊತ್ತು ಅದರ ಮೇಲೆ ಹೆಂಗಸರು ಸಂಡಿಗೆ ಒಣಗಿಸುತ್ತಾರೆ. ರಾತ್ರಿ ಒಂದು ನಾಯಿ ಮಲಗಿರುತ್ತದೆ. ಬಂದವರಿಗೆಲ್ಲ ಬೊಗಳುತ್ತದೆ.

ಅವತ್ತೂ ಇಳಿದ. ಡ್ರೈವರ್ ಮರಾಠಿಯಲ್ಲಿ "ಉದ್ಯಾ ಭೇಟೂ, ಕಾಕಾ", ನಾಳೆ ಸಿಗೋಣ, ಅಂದ. ಬಸ್ಸು ಹೋಯಿತು. ಗಾಳಿಯೇ ಇಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಬಾವಿಯ ಹತ್ತಿರ ಬಂದರೆ ನಾಯಿ ಎದ್ದು ನಿಂತಿತ್ತು. ಬೊಗಳಲಿಲ್ಲ. ಬಾಲ ಅಲ್ಲಾಡಿಸುತ್ತಿತ್ತು… ಇವನನ್ನು ನೋಡಿ ಅಲ್ಲ. ಬಾವಿಯ ಕಡೆ ನೋಡಿ.

ಆಗ ಕೇಳಿಸಿತು.

ಟಕ್ ಟಕ್ ಟಕ್… ಟಕ್ ಟಕ್… ಡಬ್.

ಸ್ವಲ್ಪ ಹೊತ್ತು ಏನಿಲ್ಲ.

ಟಕ್ ಟಕ್… ಡಬ್. ಅದರ ಹಿಂದೆಯೇ, ಗಾಜಿನ ಬಳೆ ಟೇಬಲ್ಲಿನ ಅಂಚಿಗೆ ತಾಗಿದ ಹಾಗೆ… ಘಲ್.

ಅಂಬಾದಾಸನ ಕಾಲು ಅಲ್ಲೇ ನಿಂತವು. ಈ ಸದ್ದನ್ನು ಅವನು ಒಂಬತ್ತು ವರ್ಷ ಕೇಳಿದ್ದ.

ಅವನ ಹೆಂಡತಿ ಶರಣಮ್ಮ ತೀರಿಕೊಂಡು ಆಗ ಎಂಟು ತಿಂಗಳು. ಸುರಪುರದ ಕಡೆಯವಳು, ಹತ್ತನೇ ಇಯತ್ತೆ ಓದಿದವಳು. ಪುಣೆಗೆ ಬಂದ ಮೇಲೆ ಮೂರು ತಿಂಗಳ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತಳು. ಯಾವುದೋ ಆಫೀಸಿನವರು ಹಳೇದಾಯಿತೆಂದು ಹೊರಗೆ ಹಾಕಿದ ಕಂಪ್ಯೂಟರ್ ಒಂದು ಮನೆಗೆ ಬಂತು. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿಯ ಅರ್ಜಿಗಳನ್ನೆಲ್ಲ ಅವಳೇ ತುಂಬುತ್ತಿದ್ದಳು. ರೇಷನ್ನು, ಆಧಾರು, ಮಕ್ಕಳ ಶಾಲೆ, ಮುದುಕರ ಪಿಂಚಣಿ. ಹೆಬ್ಬೆಟ್ಟು ಒತ್ತುವವರನ್ನು ಎದುರಿಗೆ ಕೂಡಿಸಿಕೊಂಡು ಸಹಿ ಮಾಡಲು ಕಲಿಸಿದಳು. ಅವಳ ಕೀಬೋರ್ಡಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಡಲು ಒತ್ತುವ ಉದ್ದ ಗುಂಡಿ ಸಡಿಲಾಗಿತ್ತು. ಒತ್ತಿದರೆ ಡಬ್ ಅನ್ನುತ್ತಿತ್ತು. ಬೇರೆ ಯಾರ ಕೀಬೋರ್ಡೂ ಹಾಗೆ ಅನ್ನುತ್ತಿರಲಿಲ್ಲ.

ಹೊಟ್ಟೆಯಲ್ಲಿ ಗಡ್ಡೆ. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. "ಒಂದಿನಾನೂ ನೋವು ಅನಲಿಲ್ಲ ನೋಡ್ರಿ, ನಕ್ಕೋತ ಹೋದಳು" ಎಂದು ಮಣ್ಣಿಗೆ ಬಂದವರಿಗೆಲ್ಲ ಅಂಬಾದಾಸ ಹೇಳಿದ. ಅವನಿಗಿದ್ದ ಸಮಾಧಾನ ಅದೊಂದೇ.

ಆ ಕಂಪ್ಯೂಟರ್ ಹಚ್ಚಿದರೆ ಮೊದಲು ಎರಡು ಹೆಸರು ಬರುತ್ತಿದ್ದವು. ಒಂದು ಮಗಳು ಸಪ್ನಾಳದು, ಇನ್ನೊಂದು ಶರಣಮ್ಮನದು. ಶರಣಮ್ಮನ ಹೆಸರು ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಯಾರಿಗೂ ಗೊತ್ತಿಲ್ಲ ಎಂದು ಸಪ್ನಾ ಹೇಳಿದ್ದಳು. ಅಂಬಾದಾಸ ದಿನಾ ಮಧ್ಯಾಹ್ನ ಡ್ಯೂಟಿಗೆ ಹೋಗುವ ಮೊದಲು ಕಂಪ್ಯೂಟರ್ ಹಚ್ಚುತ್ತಿದ್ದ. ಹೆಂಡತಿಯ ಹೆಸರು ಬರುತ್ತಿತ್ತು. ಐದು ನಿಮಿಷ ಅದರ ಮುಂದೆ ಕೂತು ಆರಿಸಿ ಹೋಗುತ್ತಿದ್ದ. ಅವಳು ಬದುಕಿದ್ದಾಗ ಒಂದೆರಡು ಸಲ ಅರೆನಿದ್ದೆಯಲ್ಲಿ ಕಂಡಿದ್ದ… ಕತ್ತಲಲ್ಲಿ ಪರದೆಯ ಬೆಳಕು, ಅದರ ಮುಂದೆ ಬಾಗಿಕೊಂಡು ಶರಣಮ್ಮ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ತನಗೆ, ಮಗಳಿಗೆ ಏನೋ ಮಾತು ತುಂಬಿ ಇಟ್ಟು ಹೋಗಿದ್ದಾಳೆ ಎಂದು ಅವನು ನಂಬಿದ್ದ. ಇವತ್ತಲ್ಲ ನಾಳೆ ಕೇಳುತ್ತೇನೆ ಎಂದುಕೊಂಡೇ ಎಂಟು ತಿಂಗಳು ತಳ್ಳಿದ್ದ.

ಆ ದಿನ ಮಧ್ಯಾಹ್ನ ಅಪ್ಪ ಮಗಳಿಗೆ ಅದೇ ವಿಷಯಕ್ಕೆ ಮಾತು ಬೆಳೆದಿತ್ತು. ಸಪ್ನಾಳಿಗೆ ಹತ್ತೊಂಬತ್ತು. ತಾಯಿಯ ಕೆಲಸ ತಾನು ಹಿಡಿದಿದ್ದಳು.

"ಅಪ್ಪಾ, ಈ ಹಳೇ ಸಿಸ್ಟಮ್‌ದಾಗ ಒಂದೂ ಸರ್ಕಾರಿ ಪೇಜ್ ತೆರೀವಲ್ದು. ಮಂದಿ ಕಾಗದ ಹಿಡ್ಕೊಂಡು ಬರ್ತಾರ, ಹಂಗ ತಿರುಗಿ ಹೋಗ್ತಾರ. ಅವ್ವನ ಕೆಲಸ ನಿಂತ್ಹೋಗ್ತದ."

"ಹೊಸದು ಹಾಕು. ಯಾರು ಬ್ಯಾಡ ಅಂದಾರ?"

"ನನ್ನ ಗೆಳತಿ ತೃಪ್ತಿ ಹೊಸ ಸಿಸ್ಟಮ್ ಪೆನ್‌ಡ್ರೈವ್‌ದಾಗ ಹಾಕಿ ಕೊಟ್ಟಾಳ. ಆದ್ರ ಈ ಮಶೀನ್‌ದಾಗ ಜಾಗ ಕಡಿಮಿ. ಹಳೇದು ಪೂರಾ ಅಳಿಸಿದ್ರನ ಹೊಸದು ಕೂಡ್ತದ. ಫೋಟೊ ಎಲ್ಲಾ ತಗದಿಟ್ಟೀನಿ. ಅವ್ವನ ಹೆಸರಿನ್ಯಾಗ ಇದ್ದದ್ದು ಅಷ್ಟ… ಬರಂಗಿಲ್ಲ."

"ಹಂಗಾರ ಬ್ಯಾಡ."

"ಅಪ್ಪಾ—"

"ಬ್ಯಾಡ ಅಂದ್ರ ಬ್ಯಾಡ. ಅಕಿ ಮಾತು ಅದರಾಗ ಅದಾವ."

ಊಟದ ಡಬ್ಬಿ ತೆಗೆದುಕೊಳ್ಳದೆ ಹಾಗೇ ಹೊರಟುಹೋಗಿದ್ದ.

ಈಗ ಬಾವಿಯ ಮುಂದೆ ನಿಂತಿದ್ದಾನೆ. ಸದ್ದು ಜಾಳಿಗೆಯ ಕೆಳಗಿನಿಂದ ಬರುತ್ತಿದೆ… ಟಕ್ ಟಕ್… ಡಬ್.

ಹೆದರಲಿಲ್ಲ ಅಂದರೆ ಸುಳ್ಳು. ಆದರೆ ಎಂಟು ತಿಂಗಳಿಂದ ಕೇಳದ ಸದ್ದು. ಬಿಟ್ಟು ಹೇಗೆ ಹೋಗುವುದು? ಹತ್ತಿರ ಹೋದ.

"ಶರಣಿ…?"

ಸದ್ದು ನಿಂತಿತು. ಬಳೆ… ಘಲ್.

"ಏನ್ರಿ."

ಇಪ್ಪತ್ತೆರಡು ವರ್ಷ ಅವಳು ಅವನನ್ನು ಕರೆದದ್ದೇ ಹಾಗೆ. ಗಂಡನ ಹೆಸರು ಬಾಯಲ್ಲಿ ತಂದವಳಲ್ಲ. ದವಾಖಾನೆಯಲ್ಲಿ ಗಂಡನ ಹೆಸರು ಏನು ಎಂದು ಕೇಳಿದಾಗಲೂ ಮಗಳ ಕಡೆ ಕೈ ಮಾಡಿ ಅವಳಿಂದ ಹೇಳಿಸಿದ್ದಳು.

"ಊಟ ಆತೇನ್ರಿ?"

"ಆತು" ಅಂದ. ಆಗಿರಲಿಲ್ಲ.

"ಹುಡುಗಿ ಕುಂತಾಳ್ರಿ… ಹೂಂ ಅನ್ರಿ."

"ಅದರಾಗ ನಿನ್ನ ಮಾತು ಅದಾವ, ಶರಣಿ."

ಮೇಲೆ ಎಲೆಗಳ ನಡುವೆ ಒಂದು ಬಾವಲಿ ಫಡಫಡ ಅಂದು ಸುಮ್ಮನಾಯಿತು.

"ಏನ್ ಹೇಳಿಟ್ಟಿ? ಅಷ್ಟರೆ ಹೇಳು."

"ಏನೂ ಇಲ್ರಿ."

"ಸುಳ್ಳ."

ಒಂದು ಉದ್ದ ಉಸಿರು ಕೇಳಿಸಿತು. ಭಾರ ಎತ್ತಿ ಇಳಿಸಿದವರು ಬಿಡುತ್ತಾರಲ್ಲ, ಅಂಥದ್ದು.

"ಅಳಸ್ರಿ… ಅದು ಇರೂತನಕ ನನಗ ನಿದ್ದಿ ಬರಂಗಿಲ್ಲ."

ಅಂಬಾದಾಸ ಮೊಳಕಾಲೂರಿ ಜಾಳಿಗೆಗೆ ಮುಖ ಹಚ್ಚಿದ. ತುಕ್ಕಿನ ವಾಸನೆ. ಕೆಳಗೆ ಬರೀ ಕಪ್ಪು. "ಒಮ್ಮೆ ಮುಖ ತೋರ್ಸು" ಅಂದ. ಮತ್ತೊಮ್ಮೆ ಅಂದ. ನಾಯಿ ಬಾಲ ಅಲ್ಲಾಡಿಸುವುದು ಬಿಟ್ಟು ಕಾಲು ಮಡಚಿ ಮಲಗಿತು. ಆಗ ಅವನಿಗೆ ಗೊತ್ತಾಯಿತು… ಹೋದಳು.

ಮನೆಯಲ್ಲಿ ಲೈಟು ಉರಿಯುತ್ತಿತ್ತು. ಸಪ್ನಾ ಕಂಪ್ಯೂಟರ್ ಮುಂದೆ ಕೂತಿದ್ದಳು. ಪೆನ್‌ಡ್ರೈವ್ ಚುಚ್ಚಿತ್ತು. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್. ಅಪ್ಪನನ್ನು ನೋಡಿ ಗಡಬಡಿಸಿ ಎದ್ದಳು.

"ಒತ್ತಿಲ್ಲ ಅಪ್ಪಾ, ನಿನ್ನಾಣಿ. ಎಲ್ಲಾ ಅಳಿಸಲೇನು ಅಂತ ಕೇಳಾಕತ್ತದ. ಸುಮ್ನ ನೋಡ್ಕೋತ ಕುಂತಿದ್ದೆ."

"ಅಳಸು."

ಸಪ್ನಾ ಅವನ ಮುಖ ನೋಡಿದಳು. ಹಣೆಯ ಮೇಲೆ ಜಾಳಿಗೆಯ ತುಕ್ಕಿನ ಗೆರೆ. ಮೌಸಿನ ಮೇಲೆ ಕೈ ಇಟ್ಟಳು. ಒತ್ತಲಾಗಲಿಲ್ಲ. ಅಂಬಾದಾಸ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟ.

ಕ್ಲಿಕ್.

ಒಳಗೆ ಡಿಸ್ಕು ತಿರುಗಿತು. ಕಿರ್ರ್… ಕಟ್ ಕಟ್… ಕಿರ್ರ್. ಪರದೆಯ ಮೇಲೆ ಅಂಕಿ ಏರತೊಡಗಿತು. ನೂರಕ್ಕೆ ನಾಲ್ಕು. ಒಂಬತ್ತು. ಹದಿನೈದು. ಮೂವತ್ತೆಂಟಕ್ಕೆ ಬಂದು ನಿಂತಿತು.

ಕಾಲು ತಾಸಾಯಿತು. ಅರ್ಧ ತಾಸಾಯಿತು. ಮೂವತ್ತೆಂಟು. ಕಂಪ್ಯೂಟರ್ ಡಬ್ಬಿಯ ಫ್ಯಾನು ಮಾತ್ರ ಗೊರ್ರ್ ಅನ್ನುತ್ತಿತ್ತು… ಅಂಬಾದಾಸ ಹೇಳುವ ಪ್ರಕಾರ, ಆಮೇಲೆ ಆ ಗೊರ್ರ್ ಬರೀ ಫ್ಯಾನಿನ ಸದ್ದಾಗಿ ಉಳಿಯಲಿಲ್ಲ. ಅದರೊಳಗೆ ಒಂದು ಹೆಣ್ಣು ದನಿ ಇತ್ತು. ಹಲ್ಲು ಕಚ್ಚಿ ತಡೆಹಿಡಿದ ನರಳಾಟ… ಮ್‌… ಮ್‌ಮ್‌…

ಸಪ್ನಾ ಎರಡೂ ಕಿವಿ ಮುಚ್ಚಿಕೊಂಡಳು. ಅದನ್ನು ಮೊದಲೇ ಕೇಳಿದವಳ ಹಾಗೆ.

"ಅಪ್ಪಾ… ನನಗ ಅವ್ವನ ಪಾಸ್‌ವರ್ಡ್ ಗೊತ್ತಿತ್ತು."

ಅಂಬಾದಾಸ ಅವಳ ಕಡೆ ತಿರುಗಿದ.

"ಅಕಿ ಹೋದ ಐದನೇ ದಿನ ತೆರೆದಿದ್ದೆ. ಮೂವತ್ತೊಂದು ರೆಕಾರ್ಡ್ ಇದ್ವು. ಎರಡ ಕೇಳಿದೆ. ಮುಂದ ಆಗಲಿಲ್ಲ."

"ಏನಂದಾಳ?"

"ಬ್ಯಾಡ ಅಪ್ಪಾ."

"ಹೇಳವ್ವಾ."

"ರಾತ್ರಿ ನೋವು ಬಂದಾಗೆಲ್ಲ ಇದರ ಮುಂದ ಕುಂತಾಳ. ಯಾರಿಗೂ ಹೇಳಂಗಿಲ್ಲ, ಇದಕ್ಕರೆ ಹೇಳ್ತೀನಿ ಅಂತಾಳ. ಹುಡುಗಿದು ಪರೀಕ್ಷಾ ಅದ, ಮುಗೀಲಿ ಅಂತಾಳ. ಅವರನ್ನ ಎಬ್ಬಿಸ್ಬೇಕು ಅನಸ್ತದ… ದುಡದು ಬಂದು ಮಲಗ್ಯಾರ, ಬ್ಯಾಡ ಅಂತಾಳ. ಆಮ್ಯಾಗ ಬರೀ ನರಳ್ತಾಳ." ಸಪ್ನಾಳ ದನಿ ಬಿದ್ದುಹೋಯಿತು. "ಅದರ ಹಿಂದ ನಿನ್ನ ಗೊರಕಿ ಕೇಳಸ್ತದ ಅಪ್ಪಾ."

ಆ ಮಾತು ಅಂಬಾದಾಸನಿಗೆ ಒಮ್ಮೆಲೇ ತಾಗಲಿಲ್ಲ. ನಿಧಾನಕ್ಕೆ ತಾಗಿತು. ಮೂವತ್ತೊಂದು ರಾತ್ರಿ. ಮೂರು ಮಾರು ದೂರದಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ತಾನು ಗೋಡೆಗೆ ಮುಖ ಮಾಡಿ ಮಲಗಿ…

"ಪೆನ್‌ಡ್ರೈವ್‌ದಾಗ ಜಾಗ ಇತ್ತು" ಅಂದಳು ಸಪ್ನಾ. "ನಾನ ಹಾಕ್ಕೊಳ್ಳಲಿಲ್ಲ. ನೀ ದಿನಾ ಇದರ ಮುಂದ ಕುಂದರ್ತಿದ್ದಿ. ಒಂದಿನ ತೆರೆದು ಕೇಳಿದ್ರ ನೀ ಉಳೀತಿದ್ದಿಲ್ಲ. ಅದಕ್ಕ ಸುಳ್ಳ ಹೇಳಿದೆ."

ಅಂಬಾದಾಸ ಕೇಳಿದ. "ಏನಿತ್ತು ಪಾಸ್‌ವರ್ಡು?"

"ನಿನ್ನ ಹೆಸರು."

ಬಾಯಲ್ಲಿ ಒಮ್ಮೆಯೂ ತರದ ಹೆಸರು. ದಿನಾ ಬೆರಳಲ್ಲಿ ಬರೆಯುತ್ತಿದ್ದಳು.

ಮಣ್ಣು ಮಾಡಿದ ದಿನವೂ ಅಳದವನು ಅವತ್ತು ಅತ್ತ. ದನಿ ತೆಗೆದು ಅತ್ತ. ಮಗಳು ಅವನ ಬೆನ್ನು ತಿಕ್ಕುತ್ತ ತಾನೂ ಅತ್ತಳು. ಡಬ್ಬಿಯೊಳಗಿನ ನರಳಾಟ ಇನ್ನೂ ಇತ್ತು… ಮ್‌… ಮ್‌ಮ್‌… ಅಂಬಾದಾಸ ಕುರ್ಚಿಯಿಂದ ಕೆಳಗಿಳಿದು ಡಬ್ಬಿಯ ಪಕ್ಕ ನೆಲದ ಮೇಲೆ ಕೂತ. ತಗಡಿನ ಮೇಲೆ ಅಂಗೈ ಇಟ್ಟ. ಜ್ವರ ಬಂದವರ ಮೈ ಹಾಗೆ ಬಿಸಿ ಇತ್ತು.

"ಎಚ್ಚರ ಅದೀನಿ" ಅಂದ, ಪಿಸುಮಾತಿನಲ್ಲಿ. "ನಾ ಎಚ್ಚರ ಅದೀನಿ, ಶರಣಿ. ನೀ ಮಲಗು."

ನರಳಾಟ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು… ಆಮೇಲೆ ಒಳಗೆ ಕಟಕ್ ಅಂತ ಏನೋ ಬಿಡಿಸಿಕೊಂಡ ಸದ್ದು. ಪರದೆಯ ಮೇಲೆ ಮೂವತ್ತೊಂಬತ್ತು.

ಅವನು ಕೈ ತೆಗೆಯಲಿಲ್ಲ. ಅಂಕಿ ನೂರು ಮುಟ್ಟುವವರೆಗೂ, ಮೂರು ತಾಸು, ಒಂದು ಸಲವೂ ಕಣ್ಣು ಮುಚ್ಚದೆ ಹಾಗೇ ಕೂತ. ಐದಕ್ಕೆ ಹತ್ತು ನಿಮಿಷ ಇರುವಾಗ ಪರದೆ ನೀಲಿಯಾಯಿತು. ಈ ಕಂಪ್ಯೂಟರ್ ಯಾರದು, ಹೆಸರು ಬರೆಯಿರಿ ಎಂದು ಹೊಸ ಸಿಸ್ಟಮ್ ಕೇಳಿತು.

"ಯಾರ ಹೆಸರು ಹಾಕಲಿ ಅಪ್ಪಾ?"

"ನಿಂದ ಹಾಕವ್ವಾ" ಅಂದ.

ಕಂಪ್ಯೂಟರ್ ಈಗ ಚೆನ್ನಾಗಿ ನಡೆಯುತ್ತದೆ. ರವಿವಾರ ಬೆಳಿಗ್ಗೆ ಹೋದರೆ ಸಪ್ನಾಳ ಬಾಗಿಲಲ್ಲಿ ನಮ್ಮ ಕಡೆಯ ಮಂದಿ ಕಾಗದ ಹಿಡಿದು ಕೂತಿರುತ್ತಾರೆ. ಅಂಬಾದಾಸ ಮಾತ್ರ ಮೊದಲಿನ ಹಾಗೆ ಗಾಢವಾಗಿ ಮಲಗುವುದಿಲ್ಲ. ಮಗಳು ಮಗ್ಗುಲು ಬದಲಿಸಿದರೂ ಎದ್ದು "ಏನಾತವ್ವಾ?" ಅನ್ನುತ್ತಾನೆ.

ಕೆಲವರು ಹೇಳುತ್ತಾರೆ, ಹೆಂಡತಿ ಸತ್ತ ದುಃಖ, ಹಸಿದ ಹೊಟ್ಟೆ, ಏನೇನೋ ಕೇಳಿಸಿರಬೇಕು ಎಂದು. ಇರಲಿ. ಆದರೆ ಮರುದಿನ ಬೆಳಿಗ್ಗೆ ನಡೆದದ್ದನ್ನು ಓಣಿಯೆಲ್ಲ ಕೇಳಿದೆ. ಪಕ್ಕದ ಮನೆಯ ಮರೆಮ್ಮ ನಲ್ಲಿಯ ಹತ್ತಿರ ಕೊಡ ಇಟ್ಟು ಸಪ್ನಾಳನ್ನು ಕೇಳಿದಳು.

"ಯಾವಾಗ ಇನ್ವರ್ಟರ್ ತಂದ್ರೆವ್ವಾ ನೀವು?"

"ಇನ್ವರ್ಟರ್ ಎಲ್ಲಿ ಅದ ಚಿಗವ್ವ, ನಮ್ಮ ಮನ್ಯಾಗ?"

"ಮತ್ತ? ರಾತ್ರಿ ಒಂದು ಗಂಟೇಕ ಕರೆಂಟ್ ಹೋಗಿತ್ತಲ್ಲ. ಶೆಕಿ ತಡೀಲಾರದ ನಾವೆಲ್ಲಾ ಹೊರಗ ಚಾಪಿ ಹಾಸ್ಕೊಂಡಿದ್ವಿ. ಬಂದದ್ದು ಐದು ಹೊಡದ ಮ್ಯಾಲ. ನಿಮ್ಮ ಮನ್ಯಾಗಷ್ಟ ಲೈಟ್ ಇತ್ತು."

ಮರೆಮ್ಮ ಇನ್ನೂ ಅಲ್ಲೇ ಇದ್ದಾಳೆ, ಬೇಕಾದವರು ಹೋಗಿ ಕೇಳಬಹುದು. ಲೈನ್‌ಮನ್ ಕೂಡ ಬಂದು ನೋಡಿ ಹೋದ. ಆ ಓಣಿಯ ಹನ್ನೆರಡು ಮನೆಗೂ ಕಂಬದಿಂದ ಬರುವ ತಂತಿ ಒಂದೇ.