ಟ್ರಂಪೆಟ್ ತಿರುಮಲೇಶ ಮತ್ತು ಆ ಭಾನುವಾರದ ತಪ್ಪು

ಸಂಘದ ಹಿರಿಯರೇ, ತಿರುಮಲೇಶನ ಆಫೀಸಿನ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅವನ ಶ್ರೀಮತಿ ಜಲಜಾ ಅವರೇ, ಮಗಳು ಊರ್ಮಿಳಾ — ಎಲ್ಲರಿಗೂ ಈ ವಿಷ್ಣುಮೂರ್ತಿಯ ನಮಸ್ಕಾರ.

ಇಪ್ಪತ್ತು ವರ್ಷ ಬ್ಯಾಂಡ್ ನಡೆಸಿದೀನಿ. ಸಾವಿರ ಜನರ ಮುಂದೆ ಪಿಯಾನೋ ನುಡಿಸುವಾಗಲೂ ಹಿಂಜರಿದವನಲ್ಲ. ಇವತ್ತು ನೋಡಿ — ಈ ಮೈಕಿನ ಹತ್ತಿರ ಬರೋಕೆ ಎರಡು ಸಲ ಕರೆಸಿಕೊಂಡೆ. ದುಃಖಕ್ಕೆ ಅಂದ್ಕೋಬೇಡಿ. ದುಃಖ ಇದೆ, ಬೇಕಾದಷ್ಟಿದೆ. ಆದರೆ ಇದು ಹೆದರಿಕೆ.

ತಿರುಮಲೇಶ ಹೋದ ತಿಂಗಳು ಆಫೀಸಿಂದ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಒಂದು ಕಾಲದಲ್ಲಿ ಹಗಲು ಪೆರಂಬೂರಿನ ರೈಲು ಕೋಚ್ ಫ್ಯಾಕ್ಟರಿಯಲ್ಲಿ ಫೈಲು, ಸಂಜೆ ನಮ್ಮ ಜಾಝ್ ಬ್ಯಾಂಡಿನಲ್ಲಿ ಟ್ರಂಪೆಟ್. "ಸಂಧ್ಯಾವಂದನೆ ಹೊತ್ತಲ್ಲಿ ಇದೆಂಥ ತುತ್ತೂರಿಯೋ!" ಅಂತ ಅವನ ತಾಯಿ ಅಂಬುಜಮ್ಮ ರೇಗಿದರೆ, ಇವನು ಟ್ರಂಪೆಟ್ಟಿನ ಬಾಯಿಗೆ ಪಂಚೆ ತುರುಕಿ ಊದೋನು. ಅಂಥ ಆಸಾಮಿ.

ಎಪ್ಪತ್ತೇಳರ ಮೇ ತಿಂಗಳು, ಒಂದು ಭಾನುವಾರ ಬೆಳಗ್ಗೆ, ನಮ್ಮ ಮೊದಲನೇ ರೆಕಾರ್ಡಿಂಗು. ಕೊನೆಯದೂ ಅದೇ. ಒಂದೇ ಕೋಣೆ, ಒಂದೇ ಟೇಪು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ ನುಡಿಸಬೇಕು. ಶಬ್ದ ಆಗತ್ತೆ ಅಂತ ಫ್ಯಾನೂ ಬಂದ್. ಮದರಾಸಿನ ಮೇ ತಿಂಗಳು, ಸ್ವಾಮಿ! ಅಲ್ಲಿ ಕೂತಿದಾನಲ್ಲ, ನಮ್ಮ ಗುಂಡಣ್ಣ — ಡ್ರಮ್ ಮೇಲೆ ಬೆಡ್‌ಶೀಟ್ ಹೊದಿಸಿ, ಬೆಣ್ಣೆ ಕರಗೋ ಹಾಗೆ ಮೆತ್ತಗೆ ಬಾರಿಸಿದ. ಬ್ಯಾಂಕಿನ ಹರಿದಾಸ, ಬೊಬ್ಬೆ ಎದ್ದ ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡು ಬೇಸ್ ತಂತಿ ಮೀಟಿದ. ಒಂದು ಮಾತು ಗೊಣಗಲಿಲ್ಲ. ಇಂಥವರ ಜೊತೆ ನುಡಿಸಿದ್ದು ನನ್ನ ಪುಣ್ಯ. ಇದನ್ನ ಅವರ ಎದುರಿಗೆ ಯಾವತ್ತೂ ಹೇಳಿರಲಿಲ್ಲ.

ಮಧ್ಯಾಹ್ನಕ್ಕೆ ಐದು ಟ್ಯೂನ್ ಮುಗೀತು. ಆರನೆಯದು ಮೂರು ಸಲ ಕೆಟ್ಟಿತು. ರೆಕಾರ್ಡ್ ಕಂಪನಿಯ ಮ್ಯಾನೇಜರು ಗಾಜಿನ ಕೋಣೆಯಿಂದ ಬಂದು, "ಇನ್ನೊಂದು ಸಲ ಕೆಟ್ಟರೆ, ಕೆಡಿಸಿದವರು ಯಾರೇ ಆಗಲಿ, ಹೊರಗೆ ಕಳಿಸ್ತೀನಿ. ಲೀಡರ್ ಆದರೂ ಸರಿ" ಅಂದ.

ಆ ಟ್ಯೂನಿನಲ್ಲಿ ಒಂದು ಕಡೆ ಟ್ರಂಪೆಟ್ ಒಂದೇ — ಎಂಟು ಆವರ್ತ. ಆಮೇಲೆ ನಾನು ತಲೆ ಆಡಿಸ್ತೀನಿ, ಎಲ್ಲರೂ ಒಟ್ಟಿಗೆ ಸೇರಬೇಕು. ಭಯದಲ್ಲಿ ಎಣಿಕೆ ತಪ್ಪಿತು. ಏಳಕ್ಕೇ ತಲೆ ಆಡಿಸಿದೆ. ಗುಂಡಣ್ಣ, ಹರಿದಾಸ ನನ್ನನ್ನ ನಂಬಿ ಸೇರಿಬಿಟ್ಟರು. ತಿರುಮಲೇಶ ಇನ್ನೂ ಊದ್ತಾ ಇದ್ದ. ಕೇಳಿದವರಿಗೆ ಅವನೇ ಹೆಚ್ಚು ಊದಿದ ಹಾಗಿತ್ತು.

"ಯಾರು?" ಅಂದ ಮ್ಯಾನೇಜರು.

ತಪ್ಪಿದವರೇ ಕೈ ಎತ್ತಬೇಕು, ಅದು ನಮ್ಮ ಬ್ಯಾಂಡಿನ ನಿಯಮ. ಮಾಡಿದವನು ನಾನೇ. ನನ್ನ ಕೈ — ಏಳಲಿಲ್ಲ. ತಿರುಮಲೇಶ ಒಂದು ಸಲ ನನ್ನ ಕಡೆ ನೋಡಿದ. ನೋಡಿ, ತಾನೇ ಕೈ ಎತ್ತಿದ.

ಅವನನ್ನ ಹೊರಗೆ ಕಳಿಸಿ ಸ್ಟುಡಿಯೋದವರು ಬೇರೊಬ್ಬನನ್ನ ಕೂರಿಸಿದರು. ಐದು ಟ್ಯೂನ್ ಊದಿದವನ ಹೆಸರು ರೆಕಾರ್ಡಿನ ಕವರ್ ಮೇಲೆ ಬರಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಹೋಗಿ ಬಾಯಿ ತೆರೆಯೋ ಮುಂಚೆ, "ಬಿಡೋ ವಿಷ್ಣು. ಲೀಡರ್ ಹೋದರೆ ಬ್ಯಾಂಡೇ ಹೋಗತ್ತೆ. ಯಾರಿಗೂ ಹೇಳ್ಬೇಡ" ಅಂದ. ಅದಾದ ಮೇಲೆ ಟ್ರಂಪೆಟ್ ಮುಟ್ಟಲಿಲ್ಲ.

ನಾನು ಹೇಳಲಿಲ್ಲ. ಅವನು ಬೇಡ ಅಂದಿದ್ದಕ್ಕಲ್ಲ — ಹೆದರಿಕೆಗೆ. ಏಳು ವರ್ಷ. ಅವರ ಮನೆಗೆ ಹೋದಾಗೆಲ್ಲ ಜಲಜಾ ಅವರು ಕಾಫಿ ಲೋಟ ಮುಂದಿಟ್ಟು, "ನಮ್ಮ ಮನೆಯವರಿಂದ ನಿಮಗೆಲ್ಲ ತೊಂದರೆ ಆಯ್ತು, ತಪ್ಪು ತಿಳೀಬೇಡಿ" ಅಂತ ತಲೆ ತಗ್ಗಿಸಿ ನಿಲ್ಲೋರು. ನಾನು ಆ ಕಾಫಿ ಕುಡಿದು ಬರ್ತಿದ್ದೆ. ಕುಡಿದು — ಬರ್ತಿದ್ದೆ!

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಈ ಹುಡುಗಿ ಊರ್ಮಿಳಾ ತಮಿಳಲ್ಲೇ ಕೇಳಿದಳು: "ಅಂಕಲ್, ಅಪ್ಪಾ ನಿಜಮಾವೇ ತಪ್ಪಾ ವಾಸಿಚ್ಚಾರಾ?" ಅಪ್ಪ ನಿಜವಾಗಲೂ ತಪ್ಪು ನುಡಿಸಿದ್ರಾ ಅಂತ. ನಾನು ಚಪ್ಪಲಿ ಹುಡುಕೋ ನೆಪ ಮಾಡಿ ತಪ್ಪಿಸಿಕೊಂಡೆ. ಮನೆಗೆ ಬಂದ ಮೇಲೆ ಹೊಳೆಯಿತು — ಇನ್ನು ಈ ವಿಷಯ ಗೊತ್ತಿರೋನು ಭೂಮಿ ಮೇಲೆ ನಾನೊಬ್ಬನೇ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯಲ್ಲ. ಒಂದು ಕ್ಷಣ ಸಮಾಧಾನ ಆಯ್ತು. ಹೌದು, ಆಯ್ತು. ಆ ಸಮಾಧಾನ ಕಂಡು ನನಗೆ ನನ್ನ ಮೇಲೇ ಹೆದರಿಕೆ ಹುಟ್ಟಿತು.

ಊರ್ಮಿಳಾ, ಇಲ್ಲಮ್ಮ. ನಿಮ್ಮಪ್ಪ ಸರಿಯಾಗಿಯೇ ನುಡಿಸಿದರು. ತಪ್ಪಿದ್ದು ನಾನು.

ಗುಂಡಣ್ಣ, ಹರಿದಾಸ, ನಿಮಗೂ ಇದು ಈಗಲೇ ಗೊತ್ತಾಗ್ತಿರೋದು. ನೀವು ಇನ್ನು ನನ್ನ ಜೊತೆ ನುಡಿಸ್ತೀರೋ ಇಲ್ಲವೋ ಗೊತ್ತಿಲ್ಲ.

ಇನ್ನು ಒಂದು ನಿಮಿಷ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಇಲ್ಲ, ಜಲಜಾ ಅವರೇ, ನೀವು ಏಳಬೇಡಿ. ಏಳು ವರ್ಷ ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದು ಸಾಕು. ನೀವು ಕೂತಿರಿ. ನಾವು ನಿಲ್ತೀವಿ.